ಮಳೆ ಮುಗಿಯಿತು, ಇನ್ನು ಕಾರಿನ ಚಕ್ರ ನೋಡಿ

ಮಳೆಗಾಲದ ಗುಂಡಿಗಳನ್ನು ದಾಟಿ ಬಂದ ಕೊಡಗಿನ ಕಾರುಗಳಲ್ಲಿ ಅಕ್ಟೋಬರ್ ಹೊತ್ತಿಗೆ ಒಂದೇ ದೂರು: ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆ, ಸಂಪಾಜೆ ಘಾಟಿಯ ತಿರುವಿನಲ್ಲಿ ಹಿಡಿತ ಸಾಲದು. ಕೂಡಲೇ ವ್ಹೀಲ್ ಅಲೈನ್‌ಮೆಂಟ್‌ಗೆ (ಚಕ್ರಗಳ ಕೋನ ಸರಿಮಾಡಿಸಲು) ಓಡಬೇಡಿ. ಅದು ಕೊನೆಯ ಕೆಲಸ. ಕೆಳಗಿನ ಭಾಗಗಳು ಲೂಸ್ ಇದ್ದರೆ ಅಲೈನ್‌ಮೆಂಟ್ ಮುಂದಿನ ಗುಂಡಿಯವರೆಗೂ ನಿಲ್ಲುವುದಿಲ್ಲ.

ಮೊದಲು ಟೈರು. ಬೆಳಿಗ್ಗೆ, ಗಾಡಿ ಓಡಿಸುವ ಮುನ್ನ, ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿರುವಷ್ಟೇ ಗಾಳಿ ಇದೆಯೇ ನೋಡಿ. ಒಂದು ಬದಿಯಲ್ಲಿ ಗಾಳಿ ಕಡಿಮೆಯಿದ್ದರೂ ಕಾರು ಆ ಕಡೆಗೆ ಎಳೆಯುತ್ತದೆ. ಆಮೇಲೆ ಟೈರಿನ ಅಗಲಕ್ಕೆ ಅಂಗೈ ಸವರಿ. ಒಂದು ದಿಕ್ಕಿಗೆ ನುಣುಪಾಗಿದ್ದು ಮರಳುವಾಗ ಗರಗಸದ ಹಲ್ಲಿನಂತೆ ತರಚಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿದೆ. ಒಳ ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮೇಲೂ ಅನುಮಾನ ಪಡಿ.

ಮುಂದೆ ಸಸ್ಪೆನ್ಷನ್. ಬಾನೆಟ್ಟಿನ ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ, ಕುಣಿಯುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ. ಶಾಕ್ ಮೇಲೆ ಎಣ್ಣೆ ಇಳಿದಿದ್ದರೂ ಅಷ್ಟೇ. ಬದಲಿಸುವಾಗ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ. ಗ್ಯಾರೇಜಿನಲ್ಲಿ ಚಕ್ರ ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ (ಸಡಿಲ) ಇದ್ದರೆ ಬಾಲ್ ಜಾಯಿಂಟ್ (ಚಕ್ರ ತಿರುಗಲು ಬಿಡುವ ಗುಂಡಿನ ಕೀಲು) ಅಥವಾ ಬೇರಿಂಗ್ ಸವೆದಿದೆ. ಎಡಬಲ ಹಿಡಿದಾಗ ಆಟ ಇದ್ದರೆ ಹೆಚ್ಚಾಗಿ ಟೈ ರಾಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು).

ಲೋವರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ ರಬ್ಬರ್ ಕೀಲು) ಹಾಕಿಸುವವರು ಒಂದು ವಿಷಯ ಮೆಕ್ಯಾನಿಕ್‌ಗೆ ಹೇಳಲೇಬೇಕು. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಬುಷ್ ಹಿಡಿದಿರುವ ಬೋಲ್ಟನ್ನು ಪೂರ್ತಿ ಬಿಗಿ ಮಾಡಬಾರದು. ಕಾರಿನ ಭಾರ ಚಕ್ರದ ಮೇಲೆ ಕೂತ ನಂತರವೇ ಕೊನೆಯ ಬಿಗಿ. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊಸ ಬುಷ್ ಬೇಗ ಹಾಳಾಗುವುದಕ್ಕೆ ನಮ್ಮ ರಸ್ತೆಯಷ್ಟೇ ಇದೂ ಕಾರಣ.

ಇಷ್ಟಾದ ಮೇಲೆ ಅಲೈನ್‌ಮೆಂಟ್. ಡಿಕ್ಕಿಯಲ್ಲಿರುವ ಗೊಬ್ಬರದ ಮೂಟೆ ಇಳಿಸಿಯೇ ಹೋಗಿ. ಹಿಂಭಾಗ ತಗ್ಗಿದರೆ ಕಾಸ್ಟರ್ ಕೋನ (ಬದಿಯಿಂದ ನೋಡಿದಾಗ ಚಕ್ರ ತಿರುಗುವ ಸ್ಟೇರಿಂಗ್ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವುದು) ಬದಲಾಗುತ್ತದೆ. ಕೆಲಸದ ಕ್ರಮ ಕಾಸ್ಟರ್, ಕ್ಯಾಂಬರ್, ಕೊನೆಗೆ ಟೋ. ಬಹುಪಾಲು ಸಣ್ಣ ಕಾರುಗಳಲ್ಲಿ ತಿರುಗಿಸಿ ಸರಿಮಾಡಲು ಸಿಗುವುದು ಮುಂದಿನ ಟೋ ಮಾತ್ರ. ಸ್ಟೇರಿಂಗ್ ನೇರ ಕಟ್ಟಿ, ಟೈ ರಾಡಿನ ಲಾಕ್ ನಟ್ ಸಡಿಲಿಸಿ, ಎರಡೂ ಬದಿ ಸಮನಾಗಿ ತಿರುಗಿಸಬೇಕು. ಕ್ಯಾಂಬರ್ ಕಂಪನಿಯ ಅಳತೆ ಮೀರಿದ್ದರೆ ಬಾಗಿದ ಭಾಗ ಯಾವುದೆಂದು ಹುಡುಕಿಸಿ. ಬಡಿದು ಸರಿಮಾಡಲು ಬಿಡಬೇಡಿ.

ಹಿಡಿತ ಹೆಚ್ಚಲೆಂದು ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವವರಿದ್ದಾರೆ. ತೋಟದ ದಾರಿ ಇರುವ ಊರಿನಲ್ಲಿ ಇದು ಬೇಡವೇ ಬೇಡ. ಕ್ಯಾಂಬರ್ ಕೆಡುತ್ತದೆ, ಎಂಜಿನ್ ಅಡಿಯ ಆಯಿಲ್ ಚೇಂಬರ್ ಕಲ್ಲಿಗೆ ಬಡಿಯುತ್ತದೆ.

ಕೆಲಸ ಮುಗಿದ ಮೇಲೆ ಮೊದಲಿನ ಹಾಗೂ ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. ಕುಶಾಲನಗರ ಕಡೆಯ ಸಮತಟ್ಟು ರಸ್ತೆಯಲ್ಲಿ ಓಡಿಸಿ ನೋಡಿ. ಆಗಲೂ ಎಳೆದರೆ, ಒಂದೇ ದಿಕ್ಕಿಗೆ ಉರುಳುವ ಟೈರು ಅಲ್ಲವೆಂದು ಖಚಿತಪಡಿಸಿಕೊಂಡು, ಮುಂದಿನ ಎರಡನ್ನೂ ಅದಲುಬದಲು ಮಾಡಿಸಿ. ಎಳೆತ ಇನ್ನೊಂದು ಬದಿಗೆ ಹೋದರೆ ದೋಷ ಟೈರಿನದು.