ಮೇ ತಿಂಗಳ ಬಿಸಲಾಗ ಉಲ್ಲನ್ ಟೊಪ್ಪಿಗಿ

ಹುಬ್ಬಳ್ಯಾಗ ಮೇ ತಿಂಗಳ ಅಂದ್ರ ಫ್ಯಾನಿನ ಗಾಳೀನೂ ಬಿಸಿ ಬರ್ತೈತಿ, ಅಂಥಾದ್ರಾಗ ನಾ ಜವಾನರಿಗೆ ಟೊಪ್ಪಿಗಿ ಹೆಣ್ಯಾಕ ತೊಡಿ ಮ್ಯಾಲೆ ಉಲ್ಲನ್ ಹರವ್ಕೊಂಡು ಕುಂತಿದ್ದು ನೋಡಿ ಹಾಲು ಹಾಕೋ ಹುಡುಗ "ಅಕ್ಕಾರ, ಆರಾಮ ಅದೀರಿಲ್ರಿ?" ಅಂತ ಕೇಳಿದ್ದ. ಕೈ ಬೆವತ್ರ ಎಳಿ ಕಡ್ಡಿ ಮ್ಯಾಲೆ ಸರಿಯಂಗಿಲ್ಲ, ಅದಕ್ಕ ಬಾಜೂಕ ಒಂದು ವಾಟಗದಾಗ ಪೌಡರ್ ಇಟ್ಕೊಂಡಿರ್ತೀನಿ. ಚಳಿಗಾಲದಾಗ ಹೆಣೀಬಾರದೇನು ಅಂತ ನೀವೂ ಅನ್ನವ್ರs, ತಡೀರಿ, ಹೇಳ್ತೀನಿ.

ಶುರು ಆಗಿದ್ದು 2016ರ ಫೆಬ್ರುವರಿಯಾಗ. ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಜವಾನ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಾಗ 19 ಸಾವಿರ ಅಡಿ ಮ್ಯಾಲೆ ಹಿಮಪಾತಕ್ಕ ಸಿಕ್ಕು ಆರು ದಿವಸ ಆದಮ್ಯಾಲೆ ಜೀವಂತ ಸಿಕ್ಕಾಗ ನಮ್ಮ ಓಣಿಯಾಗ ಗುಡಿಗೆ ಹೋಗಿ ದೀಪ ಹಚ್ಚಲಾರದವ್ರು ಯಾರೂ ಉಳೀಲಿಲ್ಲ, ಆದ್ರ 11ನೇ ತಾರೀಖು ಹೋಗಿಬಿಟ್ರು ಅಂತ ಟೀವ್ಯಾಗ ಬಂತು. ಅವತ್ತ ಸಂಜೀಕ ಟ್ರಂಕಿನಾಗಿಂದ ನಮ್ಮವ್ವನ ಹತ್ತು ನಂಬರ್ ಕಡ್ಡಿ ತೆಗದ್ನಿ. ನಮ್ಮವ್ವ ಸಾಲಿ ಹುಡುಗಿ ಇದ್ದಾಗ, 1962ರ ಚೀನಾ ಯುದ್ಧದ ಟೈಮಿಗೆ, ಅದ ಕಡ್ಡೀಲೆ ಜವಾನರಿಗೆ ಸ್ವೆಟರ್ ಹೆಣೆದಿದ್ಲಂತ. ನನಗೇನ ದೊಡ್ಡ ವಿಚಾರ ಇರಲಿಲ್ಲ, ಕೈ ಸುಮ್ನ ಇರಲಿಲ್ಲ, ಅಷ್ಟ.

ದುರ್ಗದಬೈಲಿಗೆ ಹೋಗಿ ಕಣ್ಣಿಗೆ ಚಂದ ಕಂಡ ಉಲ್ಲನ್ ತಂದ್ನಿ, ಕೆಂಪು, ಗಿಣಿ ಹಸರು, ಒಂದು ಕೇಸರಿ ಬ್ಯಾರೆ. ಮೂರು ತಿಂಗಳದಾಗ ಇಪ್ಪತ್ತೆರಡು ಟೊಪ್ಪಿಗಿ, ಮ್ಯಾಲೆ ಒಂದೊಂದು ಗೊಂಡೆ ಕಟ್ಟಿ. ಊರಾಗ ಒಂದು ಸಂಸ್ಥೆಯವ್ರು ಕಳಿಸ್ತೀವಿ ಅಂತ ಇಸ್ಕೊಂಡ್ರು, ಶಾಲು ಹಾಕಿ ಫೋಟೋನೂ ತಗೊಂಡ್ರು. ದೀಪಾವಳಿ ಆದಮ್ಯಾಲೆ ಬ್ಯಾರೆ ಕೆಲಸಕ್ಕ ಅಲ್ಲಿಗೆ ಹೋದ್ರ ಅದ ಚೀಲ, ನಾ ಕಟ್ಟಿದ್ದ ಗಂಟು ಹಂಗ ಐತಿ, ಕಪಾಟಿನ ಮ್ಯಾಲೆ ಧೂಳ ತಿನಕೋಂತ ಕುಂತೈತಿ. ನಾ ಜಗಳಾ ತಗೀಲಿಲ್ಲ, ಚೀಲ ಬಗಲಾಗ ಇಟ್ಕೊಂಡು ಆಟೋ ಹತ್ತಿ ಮನಿಗೆ ಬಂದ್ನಿ. ಈಗ ಅನಸ್ತೈತಿ, ಆ ಟೊಪ್ಪಿಗಿ ಹೋಗದಿದ್ದದ್ದ ಛಲೋ ಆತು.

ಯಾಕಂದ್ರ ಆಮ್ಯಾಲೆ ನಮ್ಮಕ್ಕನ ಮಗ ರಜಾ ಮ್ಯಾಲೆ ಬಂದ, ಅಂವ ಆಗ ಲಡಾಖ್ ಕಡೆ ಇದ್ದ. ಚೀಲ ತಗದು ಒಂದೊಂದ ನೋಡಿ ನಕ್ಕ. "ಚಿಗವ್ವ, ಇದನ್ನ ಹಾಕ್ಕೊಂಡ್ರ ಎರಡು ಮೈಲಿಯಿಂದ ಕಾಣಸ್ತೀನಿ." ಗೊಂಡೆ ಹಿಡದು ಜಗ್ಗಿ "ಇದರ ಮ್ಯಾಲೆ ಹೆಲ್ಮೆಟ್ ಹೆಂಗ ಕೂಡಬೇಕು?" ಅಂದ. ನಾ ಏನೂ ಮಾತಾಡಲಿಲ್ಲ. ಆಮ್ಯಾಲೆ ಲೈಟರ್ ತಂದು ಒಂದು ಎಳಿ ಹಚ್ಚಿ ತೋರಿಸಿದ ನೋಡ್ರಿ, ಎಳಿ ಸುಟ್ಟು ಬೂದಿ ಆಗಲಿಲ್ಲ, ಕರಗಿ ಕಪ್ಪಗ ಗಟ್ಟಿ ಮಣಿ ಆತು. ಅಕ್ರಿಲಿಕ್, ಅಂದ್ರ ಪ್ಲಾಸ್ಟಿಕ್ ಜಾತಿ ನೂಲು! ಅಲ್ಲಿ ಅವ್ರು ಸೀಮೆಎಣ್ಣಿ ಬುಖಾರಿ, ಅಂದ್ರ ಕೋಲಿ ಬೆಚ್ಚಗ ಮಾಡೋ ಒಲಿ, ಅದರ ಸುತ್ತ ಕುಂದರ್ತಾರ, ಕಿಡಿ ಬಿದ್ರ ಅದು ಕರಗಿ ಚರ್ಮಕ್ಕ ಅಂಟ್ತೈತಿ. ಖರೇ ಉಣ್ಣಿ ಆದ್ರ ಕೂದ್ಲ ಸುಟ್ಟ ವಾಸನಿ ಬರ್ತೈತಿ, ಬೂದಿ ಬೆರಳಾಗ ಹಿಡದ್ರ ಪುಡಿ ಆಗ್ತೈತಿ, ಬೆಂಕಿ ತಗದ್ರ ತಾನ ಆರ್ತೈತಿ. ಈಗ ನಾ ಯಾವ ಅಂಗಡಿಗೆ ಹೋದ್ರೂ ಒಂದು ಎಳಿ ಕಿತ್ತು ಹೊರಗ ನಿಂತು ಕಡ್ಡಿ ಗೀರಿ ನೋಡೇ ತಗೋತೀನಿ, ಅಂಗಡ್ಯಾವ್ರು ಮಾರಿ ಸೊಟ್ಟ ಮಾಡ್ತಾರ, ಮಾಡ್ಲಿ.

ಹಂಗಾರ ನಮ್ಮ ಕಂಬಳಿ ಉಣ್ಣಿ ಖರೇನs ಅಲ್ಲ ಅಂತ ಹಾವೇರಿ ಕಡಿಂದ ಕೈಲೆ ನೂತ ನೂಲು ತರಿಸಿದ್ನಿ. ಒಂದು ಟೊಪ್ಪಿಗಿ ಹೆಣೆದು ನಾನs ರಾತ್ರಿ ಹಾಕ್ಕೊಂಡು ಮಲಗಿದ್ನಿ, ಮುಂಜಾನಿ ಹಣಿ ಮ್ಯಾಲೆ ಕೆಂಪಗ ಗೆರಿ ಎದ್ದಿತ್ತು. ದಖ್ಖನಿ ಕುರಿ ಉಣ್ಣಿ ಒರಟ, ಹೊದಿಯಾಕ ಅದಕ್ಕ ಸಮ ಇಲ್ಲ, ಆದ್ರ ಹಣಿಗೆ ಆಗಂಗಿಲ್ಲ. ಈಗ ಮೆತ್ತಗಿನ ಮೆರಿನೋ ಕುರಿ ಉಣ್ಣಿ ತರಸ್ತೀನಿ, ತುಟ್ಟಿ ಬೀಳ್ತೈತಿ, ಅದಕ್ಕ ವರ್ಷಕ್ಕ ಇಪ್ಪತ್ತರ ಮ್ಯಾಲೆ ಆಗೂದಿಲ್ಲ.

ಮಾಡೋ ರೀತಿ ಹೇಳ್ತೀನಿ. ಬಣ್ಣ ಮೆಹಂದಿ ಹಸರು ಇಲ್ಲಾ ಕರೀದು. ಮೊದಲ ಎರಡು ಕಡ್ಡೀಲೆ ಹೆಣೆದು ಹಿಂದ ಹೊಲೀತಿದ್ನಿ, ಆ ಹೊಲಿಗಿ ಹೆಲ್ಮೆಟ್ ಕೆಳಗ ಒತ್ತಿ ತಲಿ ನೋಯಸ್ತೈತಂತ, ಅದಕ್ಕ ಈಗ ವಾಯರ್ ಇರೋ ಗೋಲ ಕಡ್ಡಿ, ಎಂಟು ನಂಬರ್. 96 ಸ್ಟಿಚ್ ಹಾಕಿ ಎರಡು ಸೀದಾ ಎರಡು ಉಲ್ಟಾ, ಹಂಗ ಹೆಣೆದ್ರ ಯಾರ ತಲಿಗಾದ್ರೂ ಹಿಗ್ಗಿ ಕೂಡ್ತೈತಿ. ಏಳು ಇಂಚ ಆದಮ್ಯಾಲೆ ಕಮ್ಮಿ ಮಾಡ್ಕೋತ ಹೋಗೋದು. ಅಂಚು ಮಡಚಂಗಿಲ್ಲ.

ಮಂಕಿ ಕ್ಯಾಪಿಗೆ ಬಾಲಾಕ್ಲಾವಾ ಅಂತಾರಲ್ರಿ, ಆ ಹೆಸರು ಕ್ರಿಮಿಯಾ ಯುದ್ಧದಾಗ 1854ರಾಗ ಕಾಳಗ ನಡದ ಊರಿಂದ ಬಂದದ್ದು, ಆ ಯುದ್ಧದಾಗೂ ಮನ್ಯಾಗಿದ್ದ ಹೆಂಗಸ್ರು ಹೆಣೆದು ಸಿಪಾಯಿಗೋಳಿಗೆ ಕಳಿಸ್ಯಾರ. ನಾ ಕಿವಿ ಮ್ಯಾಲೆ ಡಬಲ್ ಹೆಣೆದು, ಕೂಸಿಗೆ ಕುಲಾಯಿ ಹೊಲದಂಗ, ಭಾಳ ಖುಷೀಲೆ ಕಳಿಸಿದ್ನಿ. ಫೋನ್ ಬಂತು: "ಬೆಚ್ಚಗ ಐತಿ ಚಿಗವ್ವ, ಆದ್ರ ಪಹರೆ ಮ್ಯಾಲೆ ನಿಂತಾಗ ಏನೂ ಕೇಳಸಂಗಿಲ್ಲ." ಅದು ನನ್ನ ತಲ್ಯಾಗ ಬಂದs ಇರಲಿಲ್ಲ. ಈಗ ಕಿವಿ ಹತ್ರ ಸಿಂಗಲ್, ತೆಳ್ಳಗ.

ಸಾಕ್ಸ್ ಬಗ್ಗೆ ಹೆಚ್ಚ ಹೇಳಂಗಿಲ್ಲ, ಹಿಮ್ಮಡ ತಿರುಗ್ಸೋದ್ರಾಗ ನಾಲ್ಕ ಸಲ ಬಿಚ್ಚೀನಿ. ಕಾಲಬೆರಳಿನ ತುದಿ ಮಾತ್ರ ಹೊಲೀಬ್ಯಾಡ್ರಿ, ಬೂಟಿನಾಗ ಆ ದಪ್ಪ ಗೆರಿ ತಿಕ್ಕಿ ಗುಳ್ಳಿ ಏಳ್ತಾವ, ಎರಡೂ ಕಡೆ ಸ್ಟಿಚ್ ಒಂದಕ್ಕೊಂದು ಕೂಡಿಸಿ ಹೆಣಿಕಿನ ಮುಂದುವರದಂಗ ಮುಗಸಬೇಕು.

ಒಂದು ಮಾತು ಖರೇ ಹೇಳಬೇಕು, ಸಿಯಾಚಿನ್ ಮ್ಯಾಲೆ ಹೋಗವ್ರಿಗೆ ಸರ್ಕಾರ ಕೊಡೋ ಬಟ್ಟೀನ ಬ್ಯಾರೆ, ನಮ್ಮ ಟೊಪ್ಪಿಗಿ ಅದರ ಜಾಗಾಕ ಬರಂಗಿಲ್ಲ. ಇವು ಕೆಳಗ ಬ್ಯಾರಕಿನಾಗ, ಟ್ರಕ್ಕಿನಾಗ, ರಾತ್ರಿ ಮಲಗಾಕ. ನಮ್ಮ ಹುಡುಗ ಹಂಗ ಬಳಸ್ತಾರ ಅಂದ, ನನಗ ಅಷ್ಟ ಸಾಕು.

ಈಗ ಯಾವ ಸಂಸ್ಥಿ ಕೈಯಾಗೂ ಕೊಡಂಗಿಲ್ಲ. ನಮ್ಮ ಹುಡುಗನ ಹೆಸರು, ಯೂನಿಟ್, ಕೆಳಗ 56 ಎಪಿಓ, ಅಂದ್ರ ಸೈನ್ಯದ ಪೋಸ್ಟ್ ಆಫೀಸು, ಬರದು ಪೋಸ್ಟಿಗೆ ಹಾಕಿದ್ರ ಅಂವಗ ಮುಟ್ಟತೈತಿ. ಬಿಳಿ ಮಾದರಪಾಟ ಬಟ್ಟ್ಯಾಗ ಸುತ್ತಿ ಹೊಲದು, ಒಳಗ ನುಸಿ ಹಿಡೀಬಾರದಂತ ಒಣಗಿದ ಬೇವಿನ ತಪ್ಪಲ. ಹೋದ ಸಲ ಆ ಬೇವಿನ ತಪ್ಪಲಕ್ಕ ಅಲ್ಲಿ ನಮ್ಮ ಕಡೆ ಹುಡುಗ್ರು ಉಗಾದಿ ಮಾಡಿದಂಗಾತು ಅಂತ ನಕ್ಕಿದ್ರಂತ.

ಮತ್ತ ಮೇ ತಿಂಗಳದ ಕಾರಣ. ಚಳಿಗಾಲ ಬಂದ್ರ ಹಿಮ ಬಿದ್ದು ಲಡಾಖಿಗೆ ಹೋಗೋ ಝೋಜಿ ಲಾ ಕಣಿವಿ ಕಡೆ ರಸ್ತೆ ಬಂದ್ ಆಗ್ತೈತಿ, ಅದರಕಿಂತ ಮೊದಲ ಸಾಮಾನೆಲ್ಲಾ ಮ್ಯಾಲೆ ಹೋಗಿರಬೇಕು. ನನ್ನ ಪಾರ್ಸಲ್ ಆಗಸ್ಟಿನಾಗ ಹೊಂಟ್ರ ಸರಿ, ಅಂದ್ರ ಹೆಣಿಕಿ ಬ್ಯಾಸಿಗ್ಯಾಗ ಆಗಬೇಕು. ಈ ವರ್ಷ ಹದಿನಾರು ಆಗ್ಯಾವ, ಹದಿನೇಳನೇದು ಕಡ್ಡಿ ಮ್ಯಾಲೆ ಐತಿ, ಕರೆಂಟ್ ಹೋಗೇತಿ, ಪೌಡರ್ ಡಬ್ಬಿ ಖಾಲಿ.