ಮಲೆನಾಡಿನ ದಾರಿಯಲ್ಲಿ ಮಲಗಿಸಿದ ಆಂಟೆನಾ

ನಮ್ಮ ಹಳೆಯ ಓಮ್ನಿ ವ್ಯಾನಿಗೆ ಹವ್ಯಾಸಿ (ಹ್ಯಾಮ್) ರೇಡಿಯೊದ ಆಂಟೆನಾ ಕಟ್ಟಿದಾಗ ನಾನೂ ಎಲ್ಲರಂತೆ ಅದನ್ನು ನೆಟ್ಟಗೆ ನಿಲ್ಲಿಸಿದ್ದೆ. ಬೆಂಗಳೂರಿನಿಂದ ತೀರ್ಥಹಳ್ಳಿಯ ಅಕ್ಕನ ಮನೆಗೆ ವರ್ಷಕ್ಕೆ ನಾಲ್ಕೈದು ಬಾರಿ ಹೋಗಿ ಬರುವ ನನಗೆ 145 ಮೆಗಾಹರ್ಟ್ಸ್‌ನ ವಿಎಚ್‌ಎಫ್ ಸೆಟ್ಟು ಬಯಲುಸೀಮೆಯಲ್ಲಿ ಒದಗಿದಷ್ಟು ಮಲೆನಾಡಿನಲ್ಲಿ ಒದಗುತ್ತಿರಲಿಲ್ಲ. ಗುಡ್ಡವೊಂದು ಅಡ್ಡ ಬಂದರೆ ಮಾತು ಅಲ್ಲಿಗೇ ಕಡಿದುಹೋಗುತ್ತಿತ್ತು. ಒಂದು ಮಳೆಗಾಲದಲ್ಲಿ ಕರೆಂಟು ಹೋಗಿ, ಮೊಬೈಲ್ ಟವರುಗಳೂ ಸ್ತಬ್ಧವಾಗಿ, ಎರಡು ದಿನ ಬೆಂಗಳೂರಿನ ಮನೆಗೆ ನಮ್ಮ ಕ್ಷೇಮ ತಿಳಿಸಲಾಗದೆ ಕುಳಿತ ಮೇಲೆ, ವ್ಯಾನಿನಿಂದಲೇ ಗುಡ್ಡಗಳಾಚೆಗೂ ತಲುಪುವ 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ 7.0ರಿಂದ 7.2 ಮೆಗಾಹರ್ಟ್ಸ್‌ನಲ್ಲಿ, ಮಾತನಾಡುವ ವ್ಯವಸ್ಥೆ ಮಾಡಲೇಬೇಕೆಂದು ನಿಶ್ಚಯಿಸಿದೆ.

ಈ ಬ್ಯಾಂಡಿಗೆ ಕಾಲು ತರಂಗದ, ಅಂದರೆ ಅಲೆಯುದ್ದದ ಕಾಲು ಭಾಗದಷ್ಟಿರುವ, ಆಂಟೆನಾ ಬೇಕೆಂದರೆ ಹತ್ತೂವರೆ ಮೀಟರ್ ಎತ್ತರ ಬೇಕು. ವ್ಯಾನಿನ ಮೇಲೆ ಹೆಚ್ಚೆಂದರೆ ಎರಡೂವರೆ ಮೀಟರ್ ನಿಲ್ಲಿಸಬಹುದು. ಉಳಿದ ಕೊರತೆಯನ್ನು ತಾಮ್ರದ ಸುರುಳಿಯೊಂದು ತುಂಬಿಕೊಡಬೇಕು. ಪಂಪ್‌ಸೆಟ್ ಮೋಟಾರುಗಳನ್ನು ರೀವೈಂಡಿಂಗ್ ಮಾಡುವ ಅಂಗಡಿಯಿಂದ 16 ಗೇಜಿನ ಎನಾಮಲ್ ತಂತಿ ತಂದು, 50 ಮಿಲಿಮೀಟರ್ ಪಿವಿಸಿ ಪೈಪಿನ ತುಂಡಿನ ಮೇಲೆ, ಸುತ್ತು ಸುತ್ತಿಗೆ ತಾಗದಂತೆ ನಡುವೆ ಮೀನುಗಾಳದ ನೈಲಾನ್ ದಾರವನ್ನೂ ಸೇರಿಸಿ, 48 ಸುತ್ತು ಸುತ್ತಿದೆ. ಕೆಳಗೆ 1.2 ಮೀಟರಿನ ಅಲ್ಯೂಮಿನಿಯಂ ಕೊಳವೆ, ಅದರ ಮೇಲೆ ಈ ಸುರುಳಿ, ಸುರುಳಿಯ ಮೇಲೆ ಸ್ಟೀಲಿನ ಕಡ್ಡಿ. ರಸ್ತೆಬದಿಯ ಮರದ ಕೊಂಬೆಗಳು ಎಡಗಡೆಗೇ ಹೆಚ್ಚು ತಗಲುವುದರಿಂದ ಇಡೀ ಜೋಡಣೆಯನ್ನು ಹಿಂಬದಿಯ ಬಲಮೂಲೆಗೆ ಕೂರಿಸಿದೆ.

ಮೊದಲ ದಿನವೇ ಎಸ್‌ಡಬ್ಲ್ಯುಆರ್ (ಸೆಟ್ಟಿಗೂ ಆಂಟೆನಾಗೂ ಇರುವ ಹೊಂದಿಕೆಯ ಅಳತೆ, 1 ಎಂದರೆ ಪೂರ್ಣ ಹೊಂದಿಕೆ) 1.3 ತೋರಿಸಿದ್ದು ಕಂಡು ಬಹಳ ಸಂತೋಷಪಟ್ಟೆ. ಆ ಅಂಕಿ ನನ್ನನ್ನು ದಾರಿ ತಪ್ಪಿಸಿತ್ತು ಎಂಬುದು ಆಂಟೆನಾ ಅಳೆಯುವ ಪುಟ್ಟ ಉಪಕರಣವಾದ ನ್ಯಾನೊ ವಿಎನ್‌ಎ ಕೈಗೆ ಬಂದ ಮೇಲೆ ಅರಿವಾಯಿತು. ಆಂಟೆನಾದ ಬುಡದಲ್ಲಿ ರೋಧ 38 ಓಮ್ ಇತ್ತು. ಇಷ್ಟು ಗಿಡ್ಡ ಆಂಟೆನಾ ನಿಜವಾಗಿ ಪ್ರಸಾರಕ್ಕೆ ಬಳಸುವುದು ಅದರಲ್ಲಿ ಕೆಲವೇ ಓಮ್ ಮಾತ್ರ, ಮಿಕ್ಕದ್ದೆಲ್ಲ ಸುರುಳಿಯಲ್ಲೂ ವ್ಯಾನಿನ ಬಾಡಿಯ ಸಡಿಲ ಕೀಲುಗಳಲ್ಲೂ ನೆಲದಲ್ಲೂ ಶಾಖವಾಗಿ ಹೋಗುತ್ತಿತ್ತು. ವಾಹನದ ಆಂಟೆನಾದಲ್ಲಿ ಅರ್ಧ ಪಾಲು ವಾಹನವೇ ಎಂಬ ಮಾತನ್ನು ನಾನು ಆವರೆಗೆ ಓದಿದ್ದೆನೇ ಹೊರತು ನಂಬಿರಲಿಲ್ಲ. ಹಳೆಯ ಕೋಆಕ್ಸಿಯಲ್ ಕೇಬಲ್ಲುಗಳ ಹೊರಹೆಣಿಗೆಯನ್ನು ಬಿಚ್ಚಿ ಚಪ್ಪಟೆ ಪಟ್ಟಿ ಮಾಡಿಕೊಂಡು, ಹಿಂದಿನ ಡೋರು, ಪಕ್ಕದ ಡೋರುಗಳು, ಸೈಲೆನ್ಸರ್ ಪೈಪು, ಮೇಲಿನ ಕ್ಯಾರಿಯರ್, ಇವೆಲ್ಲವನ್ನೂ ಬಣ್ಣ ಕೆರೆದು, ಹಲ್ಲಿರುವ ವಾಷರ್ ಹಾಕಿ, ಚಾಸಿಗೆ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲಿನ್ ಸವರಿದೆ. ಎರಡು ಭಾನುವಾರಗಳ ಕೆಲಸ. ಆಮೇಲೆ ಅಳೆದರೆ ರೋಧ 22 ಓಮಿಗೆ ಇಳಿದಿತ್ತು, ಎಸ್‌ಡಬ್ಲ್ಯುಆರ್ ಮಾತ್ರ 2.3ಕ್ಕೆ ಏರಿತ್ತು! ಮೀಟರಿನ ಪ್ರಕಾರ ಕೆಟ್ಟದಾದದ್ದು ವಾಸ್ತವದಲ್ಲಿ ಸುಧಾರಿಸಿತ್ತು. ಬುಡದಿಂದ ಬಾಡಿಗೆ ಒಂದಿಂಚು ವ್ಯಾಸದ ಒಂಬತ್ತು ಸುತ್ತಿನ ಸಣ್ಣ ಸುರುಳಿಯೊಂದನ್ನು, ಅಂದರೆ ಸುಮಾರು ಒಂದು ಮೈಕ್ರೊಹೆನ್ರಿಯಷ್ಟನ್ನು, ಅಡ್ಡಲಾಗಿ ಸೇರಿಸಿ, ಮೇಲಿನ ಕಡ್ಡಿಯನ್ನು ಚೂರು ಗಿಡ್ಡ ಮಾಡಿದಾಗ ಅದೂ ಸರಿಹೋಯಿತು. ಸೈಲೆನ್ಸರನ್ನು ಬಿಗಿದ ಮೇಲೆ ರೇಡಿಯೊದಲ್ಲಿ ಕೇಳುತ್ತಿದ್ದ ಎಂಜಿನ್ನಿನ ಚಟಪಟ ಸದ್ದು ಕೂಡ ಗಮನಾರ್ಹವಾಗಿ ಇಳಿಯಿತು.

ಇಷ್ಟಾದರೂ ತೀರ್ಥಹಳ್ಳಿಯಿಂದ ಬೆಂಗಳೂರಿನ ಗೆಳೆಯರಿಗೆ ನನ್ನ ದನಿ ಕ್ಷೀಣವಾಗಿಯೇ ಕೇಳುತ್ತಿತ್ತು. ದೆಹಲಿಯವರಿಗೆ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಇದರ ಕಾರಣ ಸರಳವಾದ ರೇಖಾಗಣಿತದಲ್ಲಿದೆ. ತೀರ್ಥಹಳ್ಳಿಗೂ ಬೆಂಗಳೂರಿಗೂ ನಡುವಿನ ನೇರ ದೂರ ಸುಮಾರು 265 ಕಿಲೋಮೀಟರ್. ರೇಡಿಯೊ ಅಲೆಯನ್ನು ಕೆಳಕ್ಕೆ ಮರಳಿಸುವ ಅಯಾನುಗೋಳದ (ವಾತಾವರಣದ ಮೇಲ್ಭಾಗದ) ಪದರ 300 ಕಿಲೋಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, ಅಲೆಯು ಇಲ್ಲಿಂದ ಸುಮಾರು 65 ಡಿಗ್ರಿ ಕಡಿದಾಗಿ ಮೇಲೇರಿ, ಅಲ್ಲಿಂದ ಮರಳಿ ಬೆಂಗಳೂರಿನಲ್ಲಿ ಇಳಿಯಬೇಕು. ನೆಟ್ಟಗೆ ನಿಂತ ಕಡ್ಡಿಯಾದರೋ ನೆತ್ತಿಯ ಕಡೆಗೆ ಏನನ್ನೂ ಕಳಿಸುವುದಿಲ್ಲ. ಆ ಕೋನದಲ್ಲಿ ಅದು ಕೊಡುವುದು ತನ್ನ ಗರಿಷ್ಠ ಬಲದ ಆರನೇ ಒಂದು ಪಾಲಿನಷ್ಟು. ದೂರದವರಿಗೆ ಹೇಳಿ ಮಾಡಿಸಿದ ಆಂಟೆನಾ ಪಕ್ಕದ ಜಿಲ್ಲೆಗೆ ನಿರುಪಯುಕ್ತವಾಗಿತ್ತು.

ಅಲೆ ನೆತ್ತಿಯ ಕಡೆಗೆ ಹೋಗಬೇಕಾದರೆ ಆಂಟೆನಾ ಮಲಗಿರಬೇಕು. ಸೇನಾ ವಾಹನಗಳ ಚಿತ್ರಗಳು ನನಗೆ ನೆನಪಾದದ್ದು ಆಗಲೇ. ಎರಡನೇ ಮಹಾಯುದ್ಧದ ಜರ್ಮನ್ ರೇಡಿಯೊ ಕವಚವಾಹನಗಳು ಮಂಚದ ಚೌಕಟ್ಟಿನಂಥ ಆಂಟೆನಾವನ್ನು ಮೈಮೇಲೆ ಹೊತ್ತಿದ್ದವು. ಸೋವಿಯತ್ ಟಿ-35 ಟ್ಯಾಂಕಿನ ಗೋಪುರದ ಸುತ್ತ ಕುದುರೆಲಾಳದ ಆಕಾರದ ಕಂಬಿ ಇತ್ತು. ಉದ್ದನೆಯ ಕಡ್ಡಿಯನ್ನು ಬಾಗಿಸಿ ಮುಂಭಾಗಕ್ಕೆ ಹಗ್ಗದಿಂದ ಕಟ್ಟಿದ ಜೀಪುಗಳನ್ನಂತೂ ನಾವೆಲ್ಲ ಕಂಡಿದ್ದೇವೆ. ನಾನೂ ಕಡ್ಡಿಯನ್ನು ಓಮ್ನಿಯ ಮಾಡಿನ ಮೇಲೆ ಬಾಗಿಸಿ, ಮುಂದಿನ ಕ್ಯಾರಿಯರಿಗೆ ನೈಲಾನ್ ಹಗ್ಗದಿಂದ ಬಿಗಿದೆ. ಫಲಿತಾಂಶ ನಿರಾಶಾದಾಯಕವಾಗಿತ್ತು. ತಗಡಿಗೆ ಅಷ್ಟು ಹತ್ತಿರ ಬಂದ ಕಡ್ಡಿ ಟ್ಯೂನ್ ತಪ್ಪಿ ಬ್ಯಾಂಡಿನಿಂದ ಕೆಳಗಿಳಿಯಿತು, ಸುತ್ತುಗಳನ್ನು ಕಡಿಮೆ ಮಾಡಿ ಸರಿಪಡಿಸಿದರೂ ದನಿ ಮೊದಲಿಗಿಂತ ಬಡವಾಯಿತು. ಕಡ್ಡಿಯಲ್ಲಿ ಹರಿಯುವ ವಿದ್ಯುತ್ತಿಗೆ ಎದುರಾಗಿ ಕೆಳಗಿನ ತಗಡಿನಲ್ಲಿ ವಿರುದ್ಧ ದಿಕ್ಕಿನ ವಿದ್ಯುತ್ತು ಹರಿದು, ಎರಡೂ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತವೆ. ಹಿಂದಿನ ಡೋರು ತೆಗೆಯಲು ಪ್ರತಿಸಲವೂ ಹಗ್ಗ ಬಿಚ್ಚಬೇಕಾದದ್ದು ಬೇರೆ.

ಹಾಗಾದರೆ ಆಂಟೆನಾವನ್ನು ವ್ಯಾನಿನ ಮೇಲಲ್ಲ, ವ್ಯಾನಿನಿಂದ ಆಚೆಗೆ ಮಲಗಿಸಬೇಕು. ನಿಂತ ವ್ಯಾನಿನ ಹಿಂದಕ್ಕೆ ಆರು ಮೀಟರ್ ತಂತಿಯನ್ನು ಬಾಲದಂತೆ ಎಳೆದರೆ, ಬಾಡಿ ಒಂದು ತೋಳು, ತಂತಿ ಇನ್ನೊಂದು ತೋಳು ಆಗಿ, ಓರೆಯಾದ ಡೈಪೋಲ್ ಸಿದ್ಧವಾಗುತ್ತದೆ. ತಂತಿಯ ತುದಿಯನ್ನು ಎತ್ತಿ ಹಿಡಿಯಲು ಅಡಿಕೆ ಕೊನೆ ಕೊಯ್ಯುವ ದೋಟಿಗಿಂತ ಉತ್ತಮವಾದ ಕಂಬ ಮಲೆನಾಡಿನಲ್ಲಿ ಯಾವುದಿದೆ? ಭಾವ ತಮ್ಮ ಹೊಸ ಕಾರ್ಬನ್ ಫೈಬರ್ ದೋಟಿಯನ್ನೇ ತಂದು, "ಹಗುರ ಇದೆ, ಇದನ್ನೇ ತಗೋ" ಎಂದರು. ತಂತಿಯನ್ನು ಅದಕ್ಕೆ ಕಟ್ಟಿದೊಡನೆ ಅಳತೆಗಳೆಲ್ಲ ಏರುಪೇರಾದವು. ಕಾರ್ಬನ್ನಿನಲ್ಲಿ ವಿದ್ಯುತ್ತು ಹರಿಯುತ್ತದೆ, ಹರಿದಷ್ಟೂ ಶಾಖವಾಗಿ ನಷ್ಟವಾಗುತ್ತದೆ. ಅಟ್ಟದ ಮೇಲಿದ್ದ ಹಳೆಯ ಬಿದಿರಿನ ದೋಟಿಯನ್ನು ಇಳಿಸಿದ ಮೇಲೆ ಎಲ್ಲವೂ ಸ್ಥಿರವಾಯಿತು. ಕಡ್ಡಿಯನ್ನು ತೆಗೆದು, ಅದೇ ಸುರುಳಿಯಲ್ಲಿ 16 ಸುತ್ತುಗಳನ್ನಷ್ಟೇ ಬಳಸಿ, ಉಳಿದುದನ್ನು ಮೊಸಳೆ ಕ್ಲಿಪ್ಪಿನಿಂದ ಕೂಡಿಸಿಬಿಟ್ಟರೆ ಸಾಕಾಗುತ್ತಿತ್ತು.

ಒಂದು ಬೆಳಿಗ್ಗೆ ಮಂಜು ಹನಿಯುತ್ತಿದ್ದಾಗ ಮಾತನಾಡುತ್ತಿರುವಂತೆಯೇ ಸುಟ್ಟ ವಾಸನೆ ಬಂದಿತು. ಹೋಗಿ ನೋಡಿದರೆ ದೋಟಿಯ ತುದಿಗೆ ತಂತಿಯನ್ನು ಬಿಗಿದಿದ್ದ ಒದ್ದೆ ಸೆಣಬಿನ ಹುರಿ ಕಪ್ಪಾಗಿ ಹೊಗೆಯಾಡುತ್ತಿತ್ತು. 100 ವ್ಯಾಟಿನ ಸೆಟ್ಟಾದರೂ ಇಂಥ ಗಿಡ್ಡ ಆಂಟೆನಾದ ತುದಿಯಲ್ಲಿ ಸಾವಿರ ವೋಲ್ಟಿಗೂ ಮೀರಿದ ಒತ್ತಡ ಏಳುತ್ತದೆ. ಅಂದಿನಿಂದ ತುದಿಗೆ ಒಂದು ಗೇಣು ಪಿವಿಸಿ ತುಂಡನ್ನೂ ಅದಕ್ಕೆ ನೈಲಾನ್ ಹುರಿಯನ್ನೂ ಬಳಸುತ್ತಿದ್ದೇನೆ, ದನಕರುಗಳೂ ಮಕ್ಕಳೂ ತಗಲಿಕೊಳ್ಳದಂತೆ ತಂತಿಯುದ್ದಕ್ಕೂ ಕೆಂಪು ಬಟ್ಟೆಯ ಚೂರುಗಳನ್ನು ಕಟ್ಟುತ್ತೇನೆ. ವಿದ್ಯುತ್ ಲೈನು ಹಾದುಹೋಗುವ ಜಾಗದ ಸಮೀಪ ದೋಟಿಯನ್ನು ಎತ್ತುವುದೇ ಇಲ್ಲ.

ಒಂದೇ ಜಾಗದಲ್ಲಿ, ಇಪ್ಪತ್ತು ನಿಮಿಷಗಳ ಅಂತರದಲ್ಲಿ, ಹಲವು ದಿನ ಬೆಳಿಗ್ಗೆ ಎಂಟೂವರೆಯಿಂದ ಹತ್ತರೊಳಗೆ ಹೋಲಿಸಿ ನೋಡಿದ್ದೇನೆ. ಕೇಳುವ ದನಿಯ ಬಲವನ್ನು ಎಸ್-ಅಂಕಿಗಳಲ್ಲಿ ತೋರಿಸುವ ಬೆಂಗಳೂರಿನ ಗೆಳೆಯರ ಮೀಟರಿನಲ್ಲಿ ನಿಂತ ಕಡ್ಡಿಗೆ ಎಸ್-4, ಮಾಡಿನ ಮೇಲೆ ಬಾಗಿಸಿದ್ದಕ್ಕೆ ಎಸ್-3, ಬಾಲದ ತಂತಿಗೆ ಎಸ್-6ರಿಂದ ಎಸ್-7. ನಡು ಮಧ್ಯಾಹ್ನ ಅಯಾನುಗೋಳದ ಕೆಳಪದರ ಅಲೆಯನ್ನು ಹೀರಿಕೊಳ್ಳುವುದರಿಂದ ಎಲ್ಲವೂ ತುಸು ಇಳಿಯುತ್ತವೆ, ಆದರೆ ಮೂರರ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಈಗ ವ್ಯಾನು ಓಡುವಾಗ ಕಡ್ಡಿ ನಿಂತೇ ಇರುತ್ತದೆ, ಘಟ್ಟದ ತಿರುವುಗಳಲ್ಲಿ ಸೆಟ್ಟು ಆರಿಸಿರುತ್ತೇನೆ. ಬಿದಿರಿನ ದೋಟಿ ಕ್ಯಾರಿಯರಿನ ಮೇಲೆ ಕಾಯಂ ಆಗಿ ಮಲಗಿರುತ್ತದೆ. ನಿಲ್ಲಿಸಿ, ಬಿಚ್ಚಿ, ಎಳೆದು, ಟ್ಯೂನ್ ಮಾಡಿ ಬೆಂಗಳೂರನ್ನು ಕರೆಯಲು ಹನ್ನೆರಡು ನಿಮಿಷ ಸಾಕು. ಮಳೆ ಸುರಿಯುತ್ತಿದ್ದರೆ ಇಪ್ಪತ್ತು.