ಕಲಬುರಗಿ ಬಿಸಿಲು, ಕೂಸಿನ ಹಿಮ್ಮಡಿ ರಕ್ತ: ನನ್ನ ಅನುಭವ

ನಾನು ಕಲಬುರಗಿಯಲ್ಲಿ ಹೆರಿಗೆ ವಾರ್ಡಿನ ನರ್ಸ್. ಕೂಸಿನ ಹಿಮ್ಮಡಿ ಚುಚ್ಚಿ ನಾಲ್ಕೈದು ಹನಿ ರಕ್ತವನ್ನು ದಪ್ಪ ಫಿಲ್ಟರ್ ಕಾಗದದ ಮೇಲೆ ಹಿಡಿದು ಹೈದರಾಬಾದಿನ ಲ್ಯಾಬಿಗೆ ಕಳಿಸುವುದು ಬಹುಪಾಲು ನನ್ನ ಪಾಲಿನ ಕೆಲಸ. ಅಲ್ಲಿ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೆಟ್ರಿ ಅನ್ನೋ ಮಷೀನು ಒಂದೇ ಚುಕ್ಕೆಯಿಂದ ಹತ್ತಾರು ಹುಟ್ಟು ಕಾಯಿಲೆಗಳ ಸುಳಿವು ಹಿಡಿಯುತ್ತದೆ. ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲಗಳಲ್ಲಿ ಫೀನೈಲ್‌ಅಲನಿನ್ ಜಾಸ್ತಿ ಇದ್ದರೆ ಪಿಕೆಯು (ಅದನ್ನು ಮೈ ಅರಗಿಸಿಕೊಳ್ಳದ ಕಾಯಿಲೆ) ಇರಬಹುದು, ಲ್ಯೂಸಿನ್ ಜಾಸ್ತಿ ಇದ್ದರೆ ಮೇಪಲ್ ಸಿರಪ್ ಯೂರಿನ್ ಕಾಯಿಲೆ (ಮೂತ್ರಕ್ಕೆ ಸಿಹಿ ಪಾಕದ ವಾಸನೆ ಬರುವಂಥದ್ದು). ಎಲ್ಲರೂ ಮಷೀನನ್ನೇ ಹೊಗಳುತ್ತಾರೆ. ಇಲ್ಲಿಂದ ಕೆಟ್ಟ ಚುಕ್ಕೆ ಹೋದರೆ ಅದಾದರೂ ಏನು ಮಾಡೀತು?

ರಕ್ತ ತೆಗೆಯಲು ಒಳ್ಳೆ ಹೊತ್ತು ಹುಟ್ಟಿದ 48ರಿಂದ 72 ಗಂಟೆ. ಮೊದಲ ದಿನವೇ ತೆಗೆದರೆ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ಸಹಜವಾಗಿಯೇ ಏರಿರುತ್ತದೆ, ಗಟ್ಟಿಮುಟ್ಟಾದ ಕೂಸಿಗೂ ಥೈರಾಯ್ಡ್ ತೊಂದರೆ ಅಂತ ಬಂದುಬಿಡುತ್ತದೆ. ಅಮೈನೋ ಆಮ್ಲಗಳದು ಉಲ್ಟಾ, ಕಾಯಿಲೆ ಇದ್ದರೂ ಹೆಚ್ಚಾಗಿ ಕೂಸು ಹಾಲು ಕುಡಿಯತೊಡಗಿದ ಮೇಲೆ ಅವು ಏರೋದು. ಆದರೆ ಸೇಡಂ, ಚಿಂಚೋಳಿ ಕಡೆಯವರು ನಾರ್ಮಲ್ ಡೆಲಿವರಿ ಆದರೆ ಮರುದಿನವೇ ಗಾಡಿ ತಂದು ನಿಲ್ಲಿಸುತ್ತಾರೆ. ಜೊತೆಗೆ ಅಜ್ಜಿಯರ ತಕರಾರು: "ಹಸುಗೂಸಿಗಿ ಯಾಕ್ರೀ ಸಿಸ್ಟರ್ ಸೂಜಿ ಚುಚ್ಚಲತ್ತೀರಿ?" ಆಗ ನಾನು ಬಯೋಟಿನಿಡೇಸ್ (ಬಯೋಟಿನ್ ವಿಟಮಿನ್ನನ್ನು ಮೈಗೆ ಒದಗಿಸುವ ಕಿಣ್ವ) ಕೊರತೆಯನ್ನೇ ಎತ್ತಿಕೊಳ್ಳುತ್ತೇನೆ. "ಅವ್ವಾ, ಈಗ ಗೊತ್ತಾದ್ರ ದಿನಾ ಬಯೋಟಿನ್ ವಿಟಮಿನ್ ಕೊಟ್ರ ಸಾಕು, ತಡ ಆದ್ರ ಫಿಟ್ಸ್ ಬರ್ತಾವ, ಕಿವಿ ಹೋಗ್ತದ." ಅಷ್ಟು ಹೇಳಿದರೆ ಗಾಡಿ ಕಾಯುತ್ತದೆ.

ಚುಚ್ಚುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯನ್ನು ಹಿಮ್ಮಡಿಗೆ ಸುತ್ತಿಡುತ್ತೇನೆ. ಸ್ಪಿರಿಟ್ ಪೂರ್ತಿ ಆರಬೇಕು. ಚುಚ್ಚೋದು ಹಿಮ್ಮಡಿಯ ಪಕ್ಕಕ್ಕೆ, ನಡುವೆ ಬೇಡ, ಅಲ್ಲಿ ಎಲುಬು ಹತ್ತಿರ. ಮೊದಲ ಹನಿ ಒರೆಸಿಬಿಟ್ಟು ಎರಡನೆಯದು ದಪ್ಪಗಾಗುವವರೆಗೆ ಕಾದು ಕಾಗದಕ್ಕೆ ತಾಗಿಸುತ್ತೇನೆ. ಆಮೇಲೆ ಕಾಗದ ತಿರುಗಿಸಿ ನೋಡಿ, ಹಿಂದೆಯೂ ಅಷ್ಟೇ ದೊಡ್ಡ ಕೆಂಪು ವೃತ್ತ ಕಂಡರೆ ಸರಿ. ಹಿಮ್ಮಡಿ ಹಿಂಡಿದರೆ ಮೈನೀರು ಬೆರೆತು ಲೆಕ್ಕವೇ ಕೆಡುತ್ತದೆ, ಹನಿ ಮೇಲೆ ಹನಿ ಹಾಕಿದರೂ ಅಷ್ಟೇ.

ನಮ್ಮ ಕಡೆ ನಿಜವಾದ ಕಾಟ ಬಿಸಿಲಿನದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಆ ಫಿಲ್ಟರ್ ಕಾಗದದ ಕಾರ್ಡನ್ನು ಕಿಟಕಿ ಹತ್ತಿರ ಒಣಗಿಸಿದರೆ ಮುಗೀತು. ರಕ್ತಕಣ ಕಾಯುವ ಕಿಣ್ವ ಜಿ6ಪಿಡಿ, ಬಯೋಟಿನಿಡೇಸ್, ಗ್ಯಾಲಕ್ಟೋಸೀಮಿಯಾಕ್ಕೆ (ಹಾಲಿನ ಸಕ್ಕರೆ ಅರಗದ ಕಾಯಿಲೆ) ನೋಡುವ ಕಿಣ್ವ, ಮೂರೂ ಶಾಖಕ್ಕೆ ಕುಗ್ಗುತ್ತವೆ. ಕೂಸು ಚೆನ್ನಾಗಿಯೇ ಇರುತ್ತದೆ, ರಿಪೋರ್ಟ್ ಮಾತ್ರ 'ಕಡಿಮೆ' ಅಂತ ಬರುತ್ತದೆ. ಅದಕ್ಕೇ ಎಸಿ ಇರುವ ಲಸಿಕೆ ಕೋಣೆಯಲ್ಲಿ ಮೂರ್ನಾಲ್ಕು ಗಂಟೆ ಅಡ್ಡಡ್ಡ ಇಟ್ಟು ಒಣಗಿಸಿ, ಸಿಲಿಕಾ ಜೆಲ್ ಪುಡಿಕೆ ಜೊತೆ ಜಿಪ್ ಕವರಿಗೆ ಹಾಕುತ್ತೇನೆ. ಕೊರಿಯರ್ ಹುಡುಗ ಬೆಳಿಗ್ಗೆಯೇ ಒಯ್ಯಬೇಕು, ಮಧ್ಯಾಹ್ನದ ಗಾಡಿ ಬೇಡ. ಇನ್ನೊಂದು, ಜಿ6ಪಿಡಿ ಕೊರತೆ ಇದ್ದ ಕೂಸನ್ನು ಡಾಂಬರು ಗುಳಿಗೆ ಹಾಕಿಟ್ಟ ಟ್ರಂಕಿನ ಹಳೆ ಸೀರೆಯಲ್ಲಿ ಸುತ್ತಬೇಡಿ. ಆ ವಾಸನೆಗೇ ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ನಮ್ಮ ಅಜ್ಜಿಯರ ಪ್ರೀತಿ ಇರೋದೇ ಆ ಟ್ರಂಕಲ್ಲಿ, ಏನು ಮಾಡೋದು!

ಒಂದು ಪ್ರಶ್ನೆ ಕಾರ್ಡಿನಲ್ಲಿ ಇರಲಿ ಬಿಡಲಿ, ನಾನಂತೂ ಕೇಳುತ್ತೇನೆ: "ಸಂಬಂಧದಾಗೇ ಕೊಟ್ಟಾರೇನ್ರೀ?" ಸೋದರಮಾವನಿಗೆ ಕೊಡೋದು ಇಲ್ಲಿ ಹೊಸದೇನಲ್ಲ. ಈ ಕಾಯಿಲೆಗಳಲ್ಲಿ ಬಹಳಷ್ಟಕ್ಕೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬರಬೇಕು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಅಪಾಯ. "ಮೊದಲಿನ ಕೂಸು ಚಲೋನೇ ಇತ್ತು, ನಾಲ್ಕನೇ ದಿನಕ್ಕ ಹಾಲು ಬಿಟ್ತು, ಹೋಯ್ತು" ಅಂತ ಯಾರಾದರೂ ಅಂದರೆ ಡಾಕ್ಟರಿಗೆ ಆಗಲೇ ಹೇಳಬೇಕು. ಅಂಥಲ್ಲಿ ಕಾರ್ಡಿನ ರಿಪೋರ್ಟಿಗೆ ಕಾಯುವಂತಿಲ್ಲ. ಇಂಥ ಕೆಲವು ಕಾಯಿಲೆಗಳಲ್ಲಿ ರಕ್ತದಲ್ಲಿ ಏರಿ ಮಿದುಳಿಗೆ ವಿಷವಾಗುವ ಅಮೋನಿಯಾ ನೋಡಲು ರಕ್ತವನ್ನು ಐಸಿನಲ್ಲಿಟ್ಟು ಓಡಬೇಕು, ತಡವಾದರೆ ಟ್ಯೂಬಿನೊಳಗೇ ಅಮೋನಿಯಾ ಏರುತ್ತದೆ.

ಇನ್ನು ಫೋನ್ ನಂಬರ್. ಬಾಣಂತಿ ತವರಲ್ಲಿ, ನಂಬರ್ ಗಂಡನದು, ಅವನು ಪುಣೆಯಲ್ಲೋ ಮುಂಬೈಯಲ್ಲೋ ದುಡಿಯಲು ಹೋಗಿರುತ್ತಾನೆ. ಥೈರಾಯ್ಡ್ ತೊಂದರೆ ಆದರೆ ಎರಡು ವಾರದೊಳಗೆ ಗುಳಿಗೆ ಶುರುವಾಗಬೇಕು, ಅವನು ಫೋನ್ ಎತ್ತುವ ತನಕ ಕಾಯೋಕಾಗುತ್ತಾ? ತವರಿನ ನಂಬರೂ ಆಶಾ ಕಾರ್ಯಕರ್ತೆಯ ನಂಬರೂ ಬರೆದುಕೊಂಡೇ ಬಿಡುತ್ತೇನೆ. ಫೋನಿನಲ್ಲಿ 'ಕಾಯಿಲೆ ಇದೆ' ಅನ್ನೋದಿಲ್ಲ, 'ಇನ್ನೊಮ್ಮೆ ನೋಡಬೇಕು, ನಾಳೆ ಕೂಸನ್ನು ಕರ್ಕೊಂಡು ಬರ್ರಿ' ಅಂತೀನಿ. ಮೊದಲ ಚುಕ್ಕೆ ಅನುಮಾನ ಹುಟ್ಟಿಸುತ್ತದೆ ಅಷ್ಟೇ, ಕಾಯಿಲೆ ಹೌದೋ ಅಲ್ಲವೋ ಅನ್ನೋದು ಮರುಪರೀಕ್ಷೆಯಲ್ಲಿ ತಿಳಿಯಬೇಕು.